ಜಾಡಿಯೊಳಗಿನ ಸಿಹಿ ಎಲ್ಲಿಗೆ ಹೋಯಿತು

"ಗುರುಗಳೇ, ಮೊದಮೊದಲು ಜಪಕ್ಕೆ ಕೂತರೆ ಮನಸ್ಸೆಲ್ಲ ಸಿಹಿಯಾಗುತ್ತಿತ್ತು. ಕಣ್ಣಲ್ಲಿ ತಾನಾಗಿ ನೀರು ಬರುತ್ತಿತ್ತು. ಈಗ ಏನೂ ಇಲ್ಲ. ಒಣ ನಾಲಿಗೆ, ಒಣ ಮಾತು. ದೇವರು ನನ್ನನ್ನು ಬಿಟ್ಟುಬಿಟ್ಟನೇ?"

ಹೀಗೆ ಕೇಳಿದವನು ಚೌರಪ್ಪ. ಕೇಳಿಸಿಕೊಂಡವರು ಉಪದೇಶಿ ಇನ್ನಾಸಪ್ಪನವರು, ದ್ರಾಕ್ಷಿ ತೋಟಗಳ ನಡುವಿನ ಆ ಚರ್ಚಿನಲ್ಲಿ ಊರಿಗೆಲ್ಲ ಜಪ ಕಲಿಸಿದ ಹಿರಿಯ ಜೀವ. ಚೌರಪ್ಪನೂ ಅವರ ಕೈಯಲ್ಲೇ ಕಲಿತವನು. ಕಾಯಿಲೆಯವರ ಹಾಸಿಗೆಯ ಪಕ್ಕ ಕೂತು ಜಪ ಹೇಳುವುದು ಅವನ ಪಾಲಿನ ಕೆಲಸ. ಕೆಳಗಿನ ಬೀದಿಯಲ್ಲಿ ಆರೋಗ್ಯಮ್ಮ ಎಂಬ ಮುದುಕಿ ಇವತ್ತೋ ನಾಳೆಯೋ ಎಂದು ಮಲಗಿದ್ದಳು. ಚೌರಪ್ಪನನ್ನು ಕರೆಸಿ ಎಂದು ಬೆಳಗಿನಿಂದ ಹೇಳಿಕಳಿಸುತ್ತಿದ್ದಳು. ಅವನೋ ಅಲ್ಲಿಗೆ ಹೋಗದೆ, ಜಪಸರವನ್ನು ಗುರುಗಳಿಗೆ ಒಪ್ಪಿಸಿಬಿಡೋಣವೆಂದು ಇಲ್ಲಿಗೆ ಬಂದಿದ್ದ.

"ಒಳಗೆ ಏನೂ ಇಲ್ಲದೆ, ಸಾಯುವವಳ ಮುಂದೆ ಬಾಯಿ ಆಡಿಸುವುದು ಮೋಸವಲ್ಲವೇ?" ಎಂದ.

"ಜಪಸರ ಸದ್ಯಕ್ಕೆ ನಿನ್ನ ಕೈಯಲ್ಲೇ ಇರಲಿ, ಕೂತುಕೋ" ಎಂದರು ಇನ್ನಾಸಪ್ಪನವರು. ಚೌರಪ್ಪ ಕೂತ. ಅವರು ಕತೆ ಶುರುಮಾಡಿದರು.

ಒಂದು ತೋಟದಲ್ಲಿ ಒಬ್ಬ ಸೊಸೆ ಇದ್ದಳು. ಅವಳ ಮಾವ ದ್ರಾಕ್ಷಾರಸ ಇಡುವುದರಲ್ಲಿ ಪಳಗಿದ ಕೈ. ಅವನ ಕಣ್ಣು ಮಂಜಾದ ಮೇಲೆ ಜಾಡಿಗಳು ಸೊಸೆಯ ಪಾಲಿಗೆ ಬಂದವು. ಆ ವರ್ಷ ಅವಳ ಮಗಳಿಗೆ ಮದುವೆ ಗೊತ್ತಾಗಿತ್ತು. ಅವರಲ್ಲಿ ಒಂದು ರೂಢಿ. ಹೆಣ್ಣಿನ ತಾಯಿ ತಾನೇ ಕೈಯಾರೆ ಇಟ್ಟ ರಸವನ್ನು ಬೀಗಿತ್ತಿಗೆ ಲೋಟದಲ್ಲಿ ಕೊಡಬೇಕು. ಬೀಗಿತ್ತಿ ಅದನ್ನು ಪೂರ್ತಿ ಕುಡಿದು ಲೋಟ ಬೋರಲು ಹಾಕಿದರೆ ಹೆಣ್ಣನ್ನು ಮನಸಾರೆ ಒಪ್ಪಿಕೊಂಡ ಹಾಗೆ. ಅರ್ಧಕ್ಕೇ ಬಿಟ್ಟಳೋ, ಆ ಹುಡುಗಿ ಹೋದ ಮನೆಯಲ್ಲಿ ತಲೆ ಎತ್ತುವ ಹಾಗಿಲ್ಲ.

ಸೊಸೆ ಹಣ್ಣು ಹಿಸುಕಿ, ಹುದುಗು ಬೆರೆಸಿ, ಜಾಡಿಗಳ ಬಾಯಿಗೆ ಬಟ್ಟೆ ಕಟ್ಟಿದಳು. ಮೊದಲ ದಿನ ಬೆರಳದ್ದಿ ನೆಕ್ಕಿದರೆ ಜೇನು. ಆಮೇಲೆ ಜಾಡಿಯೊಳಗೆ ಗುಸುಗುಸು ಸದ್ದು ಎದ್ದಿತು. ಅವಳು ದಿನವೂ ನೆಕ್ಕಿ ನೋಡುವಳು. ದಿನದಿಂದ ದಿನಕ್ಕೆ ಸಿಹಿ ಕಡಿಮೆ. ಜಾಡಿ ಸೋರುತ್ತಿದೆಯೋ ಎಂದು ತಳ ಸವರಿ ನೋಡಿದಳು, ಒದ್ದೆ ಇಲ್ಲ. ಪಕ್ಕದ ತೋಟದವಳ ಕಣ್ಣು ಬಿತ್ತೇನೋ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿದರೇ ಹೊರತು ಸಿಹಿ ತಿರುಗಿ ಬರಲಿಲ್ಲ.

ಸಕ್ಕರೆ ಸುರಿದಳು. ಗುಸುಗುಸು ಜಾಸ್ತಿಯಾಯಿತು, ಸಿಹಿ ಮತ್ತೆ ಮಾಯ. ಮತ್ತೆ ಸುರಿದಳು, ಮತ್ತೆ ಮಾಯ. ಮೂಲೆಯ ಒಂದು ಜಾಡಿಯ ಗೊಡವೆಯನ್ನೇ ಬಿಟ್ಟಳು. ಉಳಿದವಕ್ಕೆ ಕೊನೆಯ ಸಲ ಸಕ್ಕರೆ ಕಲಸಿ, ನಾಲಿಗೆಗೆ ಸಿಹಿ ಹತ್ತುತ್ತಿದ್ದಂತೆಯೇ ಸೀಸೆಗಳಿಗೆ ತುಂಬಿ, ಬಿರಡೆ ಬಡಿದು, ಮೇಲೆ ತಂತಿ ಬಿಗಿದಳು. "ಈಗ ಓಡಿಹೋಗು ನೋಡೋಣ" ಎಂದು ಆ ಸಿಹಿಗೇ ಸವಾಲು ಹಾಕಿದಳು.

ಮದುವೆ ಹತ್ತಿರ ಬಂತು. ಒಂದು ಮಧ್ಯಾಹ್ನ ಉಗ್ರಾಣದಲ್ಲಿ ಪಟಾಕಿ ಹೊಡೆದ ಹಾಗೆ ಸೀಸೆಗಳು ಒಂದರ ಹಿಂದೆ ಒಂದು ಸಿಡಿದವು. ದಪ್ಪ ಗಾಜಿನದು ಒಂದೇ ಒಂದು ಉಳಿಯಿತು. ಸೊಸೆ ಮಾವನ ಕಾಲ ಬಳಿ ಕುಸಿದು ಕೂತಳು. "ಮಾವಯ್ಯ, ನನ್ನ ಮಗಳ ಮಾನ ಚರಂಡಿಗೆ ಹರಿದುಹೋಯಿತು" ಎಂದು ಅತ್ತಳು.

ಮಾವ ಮೊದಲು ಮೂಲೆಯ ಜಾಡಿಯಿಂದ ಒಂದು ಗುಟುಕು ತರಿಸಿಕೊಂಡ. ಮೂಸಿದ, ಬಾಯಲ್ಲಿ ಆಡಿಸಿದ, ಕಣ್ಣು ಮುಚ್ಚಿ ಕೂತ. ಮುಖ ಅರಳಿತು. "ನೀನೂ ಕುಡಿ" ಎಂದ.

"ಹಣ್ಣಿನ ಘಮ ಬರುತ್ತೆ ಮಾವಯ್ಯ, ಆದರೆ ಸಿಹಿಯ ಸುಳಿವೇ ಇಲ್ಲ."

"ಘಮಕ್ಕೂ ಸಿಹಿಗೂ ಗಂಟು ಹಾಕಬೇಡ ಕಣಮ್ಮ. ಘಮ ಹಣ್ಣಿನದು, ಸಿಹಿ ಸಕ್ಕರೆಯದು. ಸಕ್ಕರೆಯನ್ನು ಹುದುಗು ತಿಂದಿದೆ. ತಿಂದು ಸುಮ್ಮನೆ ಮಲಗಿಲ್ಲ, ರಸಕ್ಕೆ ಬಲ ಕೊಟ್ಟಿದೆ. ಹುದುಗಿನ ಕೆಲಸವನ್ನು ನಡುವೆ ತಡೆದಿದ್ದರೆ ಸಿಹಿ ಉಳಿಯುತ್ತಿತ್ತು. ಅದೂ ಒಳ್ಳೆಯ ರಸವೇ, ಕೇಕಿನ ಜೊತೆ ಚೆನ್ನ. ಇದು ಕೊನೆವರೆಗೂ ನಡೆದು ಬಂದದ್ದು. ಇಷ್ಟು ಚೆನ್ನಾಗಿ ನಾನೂ ಇಟ್ಟಿರಲಿಲ್ಲ."

ಆಮೇಲೆ ಉಳಿದ ಸೀಸೆಯನ್ನು ತರಿಸಿ ತಂತಿ ಬಿಚ್ಚಿದ. ಬಿರಡೆ ಹಾರಿ ಸೂರಿಗೆ ಬಡಿಯಿತು. ಬಿಳಿ ನೊರೆ ಉಕ್ಕಿತು. ಕೂಡಲೇ ಹೆಬ್ಬೆರಳು ಒತ್ತಿ, ಒಂದು ಗುಟುಕನ್ನಷ್ಟೇ ಲೋಟಕ್ಕೆ ಬಗ್ಗಿಸಿ, ಬಾಯಿಗೆ ಹೊಸ ಬಿರಡೆ ಬಿಗಿಸಿದ. ಲೋಟದ ತಳದಿಂದ ಸಣ್ಣ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಮೇಲೇಳುತ್ತಿದ್ದವು. ಸೊಸೆ ಕುಡಿದಳು. ಇದರಲ್ಲೂ ಸಿಹಿ ಇಲ್ಲ. ಆದರೆ ನಾಲಿಗೆಯ ಮೇಲೆ ಏನೋ ಜೀವವಿದ್ದ ಹಾಗೆ ಚಿಮ್ಮಿತು.

"ನಾನು ಸುರಿದ ಸಕ್ಕರೆ?" ಎಂದಳು.

"ಕುಣಿಯುತ್ತಿದೆಯಲ್ಲ, ಅದೇ" ಎಂದ ಮಾವ.

ಮರುದಿನವೇ ಮದುವೆ. ಸೊಸೆ ಬೀಗಿತ್ತಿಯ ಲೋಟಕ್ಕೆ ಆ ಸೀಸೆಯ ರಸವನ್ನೇ ಬಗ್ಗಿಸಿದಳು. ಕೈ ತಾನಾಗಿ ಸಕ್ಕರೆ ಡಬ್ಬಿಯ ಕಡೆ ಹೋಯಿತು. ಮಾವ ಮುಚ್ಚಳದ ಸದ್ದಿನಲ್ಲೇ ತಿಳಿದುಕೊಂಡ. "ಒಂದು ಚಿಟಿಕೆ ಹಾಕಿದರೆ ತಪ್ಪೇನಿಲ್ಲ, ಹುಳಿ ಮೆತ್ತಗಾಗುತ್ತದೆ. ಆದರೆ ಹೆದರಿಕೊಂಡು ಹಾಕಬೇಡ" ಎಂದ. ಸೊಸೆ ಡಬ್ಬಿ ಮುಚ್ಚಿದಳು.

ಬೀಗಿತ್ತಿ ಲಾಡು ಕಂಡರೆ ಬಿಡದ ಹೆಂಗಸು. ಒಂದು ಗುಟುಕು ಕುಡಿದಳು. ಹುಬ್ಬು ಗಂಟಿಕ್ಕಿತು. ಇನ್ನೊಂದು ಗುಟುಕು. ಹುಬ್ಬು ಸಡಿಲವಾಯಿತು. ಗಟಗಟ ಕುಡಿದು ಮುಗಿಸಿದಳು. ಲೋಟವನ್ನು ಮಾತ್ರ ಬೋರಲು ಹಾಕಲಿಲ್ಲ.

"ಬೋರಲು ಹಾಕುವುದಿರಲಿ ಬೀಗರೇ, ನಾಲಿಗೆ ಮೇಲೆ ಇರುವೆ ಮೆರವಣಿಗೆ ಹೊರಟಿದೆ, ಇನ್ನೊಂದು ಲೋಟ ಬಿಡಿ!" ಎಂದಳು ಬೀಗಿತ್ತಿ. ಚಪ್ಪರವೇ ನಕ್ಕಿತು. ಎರಡನೆಯ ಲೋಟವನ್ನು ಕುಡಿದು ಮುಗಿಸಿದ ಮೇಲೆ ಬೋರಲು ಹಾಕಿ, ಸೊಸೆಯಾಗಿ ಬರುವವಳನ್ನು ಬಾಚಿ ತಬ್ಬಿಕೊಂಡಳು.

ಕತೆ ಮುಗಿಯಿತು. ಆ ತಾಯಿಯ ಮೇಲೆ ಚೌರಪ್ಪನಿಗೆ ಪ್ರೀತಿ ಬಂದಿತ್ತು, ಆ ಮಾವನ ಮೇಲೆ ಇನ್ನೂ ಹೆಚ್ಚು. ಆದರೂ ಅವನ ಸಂಶಯ ತೀರಲಿಲ್ಲ.

"ಅವಳ ರಸ ಬಲವಾಗಿತ್ತು ಗುರುಗಳೇ, ಕುಡಿದವರು ಹೇಳಿದರು. ನನ್ನೊಳಗೂ ಹಾಗೇ ಆಗಿದೆಯೆಂದು ನನಗೆ ಗೊತ್ತಾಗುವುದು ಹೇಗೆ? ನನಗೆ ಯಾವ ರುಚಿಯೂ ಹತ್ತುತ್ತಿಲ್ಲವಲ್ಲ."

ಇನ್ನಾಸಪ್ಪನವರು ಅವನ ಮುಖವನ್ನೇ ನೋಡಿದರು.

"ರಸ ಯಾವತ್ತಾದರೂ ತನ್ನನ್ನು ತಾನೇ ಕುಡಿದು ನೋಡಿತೇನಪ್ಪಾ?"

ಚೌರಪ್ಪ ಜಪಸರ ಹಿಡಿದು ಎದ್ದು, ಆರೋಗ್ಯಮ್ಮ ಮಲಗಿದ್ದ ಕೆಳಗಿನ ಬೀದಿಯ ಕಡೆ ನಡೆದ.