ಗೆಲುವಿನ ಪಾಪನಿವೇದನೆ

ಶಿಲುಬೆಪಾಳ್ಯದ ಕ್ರೈಸ್ತ ದೇವಾಲಯದಲ್ಲಿ ಪಾಪನಿವೇದನೆಯ ಪೀಠವೆಂದರೆ ಕೈಮುರಿದ ಒಂದು ಕುರ್ಚಿ, ಅದರ ಪಕ್ಕಕ್ಕೆ ಚೌಕಟ್ಟಿಗೆ ಬಡಿದ ಒಂದು ಈಚಲ ಚಾಪೆ. ಚಾಪೆಯ ಈಚೆ ಪಾಪಿ, ಆಚೆ ಊರಿನ ಪಾದ್ರಿ ಪೂಜ್ಯ ಚೌರಪ್ಪ ಸ್ವಾಮಿಗಳು. ಸಮುದ್ರದಾಚೆಯ ಮಹಾದೇವಾಲಯಗಳಲ್ಲಿ ಕೆತ್ತನೆಯ ಪೀಠಗಳಿವೆ, ಮಖಮಲ್ಲಿನ ಪರದೆಗಳಿವೆ. ಅಲ್ಲಿ ಮಂಡಿಯೂರಿದರೆ ಪಾಪಕ್ಕೂ ಒಂದು ಗಾಂಭೀರ್ಯ ಬರುತ್ತದೆ. ಇಲ್ಲಿ ಹಾಗಲ್ಲ. ಆಗಾಗ ಒಂದು ಮೇಕೆ ಒಳಗೆ ಬಂದು ಚಾಪೆಯ ಅಂಚು ಮೇಯುತ್ತಿತ್ತು. ಸ್ವಾಮಿಗಳು ಅದನ್ನು ಓಡಿಸುತ್ತಿರಲಿಲ್ಲ. ಚಾಪೆ ಪೂರ್ತಿ ಮುಗಿದರೆ ಜನರ ಮುಖ ನೋಡಿಕೊಂಡೇ ಮಾತಾಡಬಹುದಲ್ಲ ಎನ್ನುತ್ತಿದ್ದರು.

ಆ ವರ್ಷ ಪಾಸ್ಕ ಎಂಬ ಈಸ್ಟರ್ ಹಬ್ಬದ ಮುಂಚಿನ ಪವಿತ್ರ ವಾರದಲ್ಲಿ, ಊರಿಗೆ ಧರ್ಮಪಾಠ ಹೇಳಿಕೊಡುವ ಉಪದೇಶಿ ಇನ್ನಾಸಪ್ಪನವರು ಆ ಚಾಪೆಯ ಮುಂದೆ ಮಂಡಿಯೂರಿದರು. ಒಳಗೆ ನಡೆದದ್ದನ್ನು ಸ್ವಾಮಿಗಳು ಯಾರಿಗೂ ಹೇಳಿದವರಲ್ಲ. ಮುಂದೆ ಇದನ್ನೆಲ್ಲ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದವರು ಇನ್ನಾಸಪ್ಪನವರೇ.

ಉಪದೇಶಿಗಳು ವಾದದಲ್ಲಿ ಹುಲಿ. ದೇವರಿದ್ದಾನೆ ಎನ್ನುವುದಕ್ಕೆ ಅವರ ಬಳಿ ರುಜುವಾತುಗಳ ಸರಮಾಲೆಯೇ ಇತ್ತು. ಸಂತೆಯ ದಿನ ಎಣ್ಣೆ ಅಂಗಡಿಯ ಕಟ್ಟೆ ಹತ್ತಿದರೆಂದರೆ ಜನ ತಕ್ಕಡಿ ಬಿಟ್ಟು ಬರುತ್ತಿದ್ದರು. ಎದುರಾಳಿ ಬಾಯಿ ತೆರೆಯುವ ಮೊದಲೇ ಉತ್ತರ ಸಿದ್ಧ. ಹಿಂದಿನ ಸಂತೆಯಲ್ಲಿ ಅವರಿಗೆ ಸಿಕ್ಕವರು ದನದ ಡಾಕ್ಟರು ಪರಮಶಿವಯ್ಯ. ಗುಡಿಗಾಗಲಿ ಚರ್ಚಿಗಾಗಲಿ ಹೋಗದ ಮನುಷ್ಯ, ಹೆಚ್ಚು ಮಾತಿಲ್ಲ. ಅಂದು ಏನೋ ಕೇಳಲು ಹೊರಟಿದ್ದರು. ಇನ್ನಾಸಪ್ಪನವರು ಅರ್ಧದಲ್ಲೇ ಹಿಡಿದು, ರುಜುವಾತುಗಳನ್ನೆಲ್ಲ ಸುರಿದು, ಕೊನೆಗೆ, ದನದ ಗೊಡ್ಡುತನ ನೋಡುವವರಿಗೆ ದೇವರ ಗುಣ ತಿಳಿದೀತೇ ಎಂದುಬಿಟ್ಟರು. ಸಂತೆಗೆ ಸಂತೆಯೇ ನಕ್ಕಿತು. ಡಾಕ್ಟರು ಟೋಪಿ ಹಾಕಿಕೊಂಡು ಹೊರಟುಹೋದರು.

ಈ ವಿಷಯವನ್ನೇ ಉಪದೇಶಿಗಳು ಈಗ ಪಾಪವೆಂದು ಒಪ್ಪಿಸುತ್ತಿದ್ದರು. ಆದರೆ ಒಪ್ಪಿಸುವ ಧಾಟಿ ಮದುವೆಮನೆಯ ಊಟ ಬಣ್ಣಿಸುವವರದು. ಒಬ್ಬ ನಾಸ್ತಿಕನನ್ನು ಸ್ವಲ್ಪ ಜೋರಾಗಿಯೇ ಸೋಲಿಸಿದೆ ಸ್ವಾಮಿ, ಮೂರನೆಯ ರುಜುವಾತಿಗೇ ಅವನ ಮುಖ ಬಾಡಿತ್ತು, ಆದರೂ ಬಿಡಲಿಲ್ಲ, ಅದೊಂದು ಅತಿಯಾಯಿತೇನೋ.

ಚಾಪೆಯ ಆಚೆಯಿಂದ ಸ್ವಾಮಿಗಳು ಕೇಳಿದರು: "ಡಾಕ್ಟರು ಏನು ಕೇಳಿದರು?"

ಇನ್ನಾಸಪ್ಪನವರು ಹುರುಪಿನಿಂದ ಮೊದಲ ರುಜುವಾತು ಶುರುಮಾಡಿದರು.

"ಅದು ನೀನು ಹೇಳಿದ್ದು. ಅವರು ಕೇಳಿದ್ದೇನು?"

ಮೇಕೆ ಚಾಪೆಯ ಅಂಚು ಅಗಿಯತೊಡಗಿತು. ಉಪದೇಶಿಗಳು ನೆನಪಿನ ಮೂಲೆಮೂಲೆ ಗುಡಿಸಿದರು; ಎಲ್ಲೆಲ್ಲೂ ಅವರದೇ ದನಿ. ಕೊನೆಗೆ ಸ್ವಾಮಿಗಳು ಪ್ರಾಯಶ್ಚಿತ್ತ ವಿಧಿಸಿದರು. "ಅವರ ಪ್ರಶ್ನೆಯನ್ನು ಅವರಿಗೇ ಒಪ್ಪಿಸಿ ಬಾ. ಸರಿಯಾಗಿದೆ ಅಂತ ಅವರೇ ಹೇಳಬೇಕು."

ಜಪಸರವೋ ಉಪವಾಸವೋ ಆಗಿದ್ದರೆ ಸಂಜೆಯೊಳಗೆ ಮುಗಿಸುತ್ತಿದ್ದರು. ಇದು ಗಂಟಲಲ್ಲಿ ಸಿಕ್ಕಿದ ಮುಳ್ಳಾಯಿತು. ಪ್ರಾಯಶ್ಚಿತ್ತ ಮುಗಿಸದೆ ಪರಮಪ್ರಸಾದ ಸ್ವೀಕರಿಸುವ ಧೈರ್ಯ ಅವರಿಗಿರಲಿಲ್ಲ. ಪಾಸ್ಕ ಹಬ್ಬದ ಬಲಿಪೂಜೆಯಲ್ಲಿ ಆ ಪ್ರಸಾದದ ಸಾಲಿನ ತಲೆಯಲ್ಲಿ ನಿಲ್ಲುವವರೇ ಅವರು. ಅಂದು ಉಪದೇಶಿಗಳೇ ಬೆಂಚಿನಲ್ಲಿ ಕುಳಿತುಬಿಟ್ಟರೆ ಊರು ಏನೆಲ್ಲ ಪಾಪವನ್ನು ಊಹಿಸೀತು? ಹೆಂಡತಿ ಲೂರ್ದಮ್ಮ ಅಂತೂ ಎಲ್ಲಕ್ಕಿಂತ ಕೆಟ್ಟದ್ದನ್ನೇ ಊಹಿಸುತ್ತಾಳೆಂಬುದು ಅವರಿಗೆ ಖಾತ್ರಿಯಿತ್ತು.

ಮರುದಿನ ದನದ ಆಸ್ಪತ್ರೆಗೆ ಹೋದಾಗ ಡಾಕ್ಟರ ತೋಳು ಭುಜದವರೆಗೂ ಒಂದು ಎಮ್ಮೆಯ ಒಳಗಿತ್ತು. ಕರು ಅಡ್ಡ ಸಿಕ್ಕಿಕೊಂಡಿತ್ತು.

"ಬಂದಿರಾ ಉಪದೇಶಿಗಳೇ, ಬಾಲ ಹಿಡಕೊಳ್ಳಿ," ಎಂದರು.

ಉಪದೇಶಿಗಳು ಬಾಲ ಹಿಡಿದರು. ಹಿಡಿದುಕೊಂಡೇ, ನೀವು ಅವತ್ತು ದೇವರಿಲ್ಲ ಎಂದಿರಲ್ಲವೇ ಎಂದು ಕೇಳಿದರು. ಅಂದಿಲ್ಲ ಎಂದರು ಡಾಕ್ಟರು. ಹಾಗಾದರೆ ಪವಾಡಗಳು ಸುಳ್ಳು ಅಂದಿರಿ. ಅದೂ ಇಲ್ಲ. ಇಬ್ಬರ ವಿಚಾರದಲ್ಲೂ ತನ್ನ ಅಭಿಪ್ರಾಯವೇನೆಂದು ಎಮ್ಮೆ ಅಷ್ಟರಲ್ಲಿ ಉಪದೇಶಿಗಳ ಬಿಳಿ ಪಂಚೆಯ ಮೇಲೆ ತಿಳಿಸಿತು. ಕರು ಹುಟ್ಟಿತು, ಪ್ರಶ್ನೆ ಸಿಗಲಿಲ್ಲ.

ಅಂದಿನ ವಾದ ಕೇಳಿಸಿಕೊಂಡವರು ಊರಲ್ಲಿ ಅಷ್ಟು ಜನರಿದ್ದರಲ್ಲ ಎಂದು ಇನ್ನಾಸಪ್ಪನವರು ಸಂತೆಯ ಕಡೆ ತಿರುಗಿದರು. ಎಣ್ಣೆ ಅಂಗಡಿಯವರನ್ನು ಕೇಳಿದರು, ಬಳೆಗಾರರನ್ನು ಕೇಳಿದರು. ಆಹಾ, ಗೊಡ್ಡುತನದ ಮಾತು ಹೇಳಿದಿರಲ್ಲ ಬುದ್ಧಿ, ಇನ್ನೂ ನೆನೆಸಿಕೊಂಡು ನಗುತ್ತೇವೆ ಎಂದರು ಎಲ್ಲರೂ. ಡಾಕ್ಟರು ಕೇಳಿದ್ದು ಒಬ್ಬರಿಗೂ ನೆನಪಿಲ್ಲ. ತಮ್ಮ ಗೆಲುವು ಎಷ್ಟು ಸಂಪೂರ್ಣವಾಗಿತ್ತೆಂಬುದು ಉಪದೇಶಿಗಳಿಗೆ ಆಗ ಅರ್ಥವಾಯಿತು. ಮೊದಲ ಬಾರಿಗೆ ಅವರಿಗೆ ನಾಚಿಕೆಯಾಯಿತು.

ಪವಿತ್ರ ಶನಿವಾರ ಬೆಳಿಗ್ಗೆ ಮತ್ತೆ ಹೋಗಿ ಡಾಕ್ಟರ ಮುಂದೆ ನಿಂತರು. "ನೀವೇನು ಕೇಳಿದಿರೋ ನನಗೆ ಗೊತ್ತಿಲ್ಲ ಸಾರ್. ನಾನು ಕೇಳಿಸಿಕೊಂಡೇ ಇಲ್ಲ. ಆಡಬಾರದ ಮಾತು ಬೇರೆ ಆಡಿದೆ. ಇನ್ನೊಂದು ಸಲ ಹೇಳ್ತೀರಾ?"

ಪರಮಶಿವಯ್ಯನವರು ಕೈತೊಳೆದು, ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು. ಅವರ ತಾಯಿ ಲಕ್ವ ಹೊಡೆದು ಬಹಳ ಕಾಲ ಮಲಗಿದ್ದರಂತೆ. ತೀರಿಕೊಳ್ಳುವವರೆಗೂ ಕಾನ್ವೆಂಟಿನ ಸಿಸ್ಟರೊಬ್ಬರು ದಿನಾ ಬಂದು ಮೀಯಿಸಿ ಹೋಗುತ್ತಿದ್ದರಂತೆ. ಆ ಸಿಸ್ಟರು ತಮಗೆ ಸ್ವರ್ಗ ಸಿಗಲೆಂದು ಮೀಯಿಸಿದರೋ, ಡಾಕ್ಟರ ತಾಯಿಗಾಗಿಯೇ ಮೀಯಿಸಿದರೋ, ಅದೊಂದು ತಿಳಿಯಬೇಕಿತ್ತು. ಅಷ್ಟೇ.

ಇನ್ನಾಸಪ್ಪನವರು ತಲೆತಗ್ಗಿಸಿ ಅದನ್ನೇ ಮೆಲ್ಲಗೆ ತಿರುಗಿ ಹೇಳಿದರು, ತಮ್ಮದೊಂದು ಮಾತೂ ಸೇರಿಸದೆ.

"ಹ್ಞೂಂ. ಇದೇ ನಾನು ಕೇಳಿದ್ದು. ಉತ್ತರ?"

ಪ್ರಾಯಶ್ಚಿತ್ತ ಅಲ್ಲಿಗೆ ಮುಗಿದಿತ್ತು, ಎದ್ದು ಬರಬಹುದಿತ್ತು. ಸರಮಾಲೆಯ ಮಣಿಗಳನ್ನು ಒಂದೊಂದಾಗಿ ತಡಕಿದರು. ಯಾವುದೂ ಈ ಪ್ರಶ್ನೆಗೆ ಹೊಂದಲಿಲ್ಲ. ಗೊತ್ತಿಲ್ಲ, ಆದರೆ ನನಗೂ ತಿಳಿಯಬೇಕು ಅನ್ನಿಸುತ್ತಿದೆ, ಅವರನ್ನೇ ಕೇಳೋಣ ಬನ್ನಿ ಎಂದರು.

ಕಾನ್ವೆಂಟಿನ ಹಿತ್ತಲಲ್ಲಿ ಸಿಸ್ಟರ್ ಸೆಲೆಸ್ತಿನಾ ಹಬ್ಬದ ದುಪ್ಪಟಿಗಳನ್ನು ಒಗೆಯುತ್ತಿದ್ದರು. ಬಂದವರ ಕೈಗೆ ಒಂದೊಂದು ತುದಿ ಕೊಟ್ಟು ಹಿಂಡಲು ಹಚ್ಚಿದರು. ಹಿಂಡುತ್ತಲೇ ಡಾಕ್ಟರು ಕೇಳಿದರು.

ಸಿಸ್ಟರು ಹುಬ್ಬೇರಿಸಿದರು. "ಸ್ವರ್ಗದ ಯೋಚನೆಗೆ ಪುರುಸೊತ್ತೆಲ್ಲಿತ್ತು ಡಾಕ್ಟರೇ? ನೀರು ಸಾಕಷ್ಟು ಬಿಸಿ ಇಲ್ಲ ಅಂತ ನಿಮ್ಮಮ್ಮ ದಿನಾ ಬೈಯೋರು. ಬಾಯಿ ಒಂದು ಕಡೆಗೆ ಸೊಟ್ಟ ಆಗಿತ್ತು, ಆದರೂ ಬೈಗುಳ ಮಾತ್ರ ಸ್ಪಷ್ಟ. ಒಂದು ದಿನ ಬೈಯಲಿಲ್ಲ. ಅವತ್ತು ನಾನು ಪ್ರಾರ್ಥನಾ ಕೋಣೆಯಲ್ಲಿ ಕೂತು ಅತ್ತೆ."

ಡಾಕ್ಟರು ನಕ್ಕರು. ನಗುತ್ತಿದ್ದವರು ಒದ್ದೆ ದುಪ್ಪಟಿಗೆ ಮುಖ ಒತ್ತಿಕೊಂಡರು. ಇನ್ನಾಸಪ್ಪನವರಿಗೆ ಈ ಸಂದರ್ಭಕ್ಕೆ ತಕ್ಕ ಮಾತೊಂದು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ದುಪ್ಪಟಿಯ ಇನ್ನೊಂದು ತುದಿಯನ್ನು ನೆಲಕ್ಕೆ ಬೀಳದಂತೆ ಹಿಡಿದು ನಿಂತರು.

ಪಾಸ್ಕದಂದು ಅವರು ಪರಮಪ್ರಸಾದ ಸ್ವೀಕರಿಸಿದರು, ಸಾಲಿನ ನಡುವೆಲ್ಲೋ ನಿಂತು. ಆಮೇಲೆ, ನನ್ನ ರುಜುವಾತುಗಳನ್ನೆಲ್ಲ ಏನು ಮಾಡಲಿ ಸ್ವಾಮಿ ಎಂದು ಕೇಳಿದಾಗ ಸ್ವಾಮಿಗಳು, "ಇಟ್ಟುಕೊಂಡಿರು. ಯಾರಾದರೂ ಕೇಳಿದರೆ ಕೊಡು," ಎಂದರು.

ಪರಮಶಿವಯ್ಯನವರು ಕೊನೆಯವರೆಗೂ ಜ್ಞಾನಸ್ನಾನ ಪಡೆದು ಕ್ರೈಸ್ತರಾಗಲಿಲ್ಲ. ಆದರೆ ಇನ್ನಾಸಪ್ಪನವರ ಮನೆಯ ಕಾಫಿಯನ್ನು ಬಿಡಲೂ ಇಲ್ಲ. ಮುಂದೊಂದು ಸಂತೆಗೆ ಬೇರೆ ಕ್ರೈಸ್ತ ಪಂಗಡದ ಬೋಧಕರೊಬ್ಬರು ಕೈಯಲ್ಲಿ ಮೆಗಾಫೋನು ಹಿಡಿದು ಸೈಕಲ್ಲಿನಲ್ಲಿ ಬಂದರು. ಹಳೆಯ ಹುಲಿ ಎದ್ದೀತೆಂದು ಜನ ಕಟ್ಟೆಯ ಸುತ್ತ ನೆರೆದರು. ಉಪದೇಶಿಗಳು ಬಂದವರಿಗೆ ಕೂರಲು ಗೋಣಿ ಹಾಸಿ, ನೀವು ಮೊದಲು ಹೇಳಿ, ಪೂರ್ತಿ ಹೇಳಿ ಎಂದರು. ಜನ ಸ್ವಲ್ಪ ಹೊತ್ತು ಕಾದರು. ಒಂದು ಬೈಗುಳವೂ ಬೀಳದ್ದನ್ನು ಕಂಡು ಬೋಂಡದ ಅಂಗಡಿಯ ಕಡೆ ಕರಗಿದರು.

ಚೌರಪ್ಪ ಸ್ವಾಮಿಗಳು ಸೊಪ್ಪಿನ ಚೀಲ ಹಿಡಿದು ಆ ದಾರಿಯಲ್ಲಿ ಬಂದವರು, ಯಾರು ಗೆದ್ದರು ಎಂದು ಈರುಳ್ಳಿ ಮಾರುವವಳನ್ನು ವಿಚಾರಿಸಿದರು.

"ಯಾರೂ ಗೆಲ್ಲೋ ಹಂಗೆ ಕಾಣಕಿಲ್ಲ ಸ್ವಾಮಿ," ಎಂದಳು ಅವಳು ಬೇಸರದಿಂದ. "ಆಗ್ಲಿಂದ ಒಬ್ರು ಹೇಳಿದ್ದ ಒಬ್ರು ಕೇಳ್ಕಂಡು ಕೂತವ್ರೆ."

ಸ್ವಾಮಿಗಳು ಚೀಲವನ್ನು ಎಡಗೈಗೆ ಬದಲಾಯಿಸಿಕೊಂಡು ಶಿಲುಬೆಯ ಗುರುತು ಹಾಕಿ, ದೇವರಿಗೆ ಸ್ತೋತ್ರ ಹೇಳಿದರು.