ಹಸಿ ಹಲಗೆಗೆ ಹಸಿರು ಬಣ್ಣ

ಕಾಳಪ್ಪ ಬಡಿಗೇರನಿಗೆ ಹೇಳಿ ಹೇಳಿ ಸಾಕಾಗಿತ್ತು. ಅರವತ್ತೆರಡು ವರ್ಷಕ್ಕೆ ಮೊಣಕಾಲು ನೋವು, ಸೊಂಟ ನೋವು ಎಲ್ಲ ಇದ್ದವು. ಉಳಿ ಕೈಗೆ ಬಂದರೆ ಅವೆಲ್ಲ ಮರೆತುಹೋಗುತ್ತಿದ್ದವು. ಹೇಳಿದ್ದನ್ನೇ ಹೇಳುವ ದಣಿವು ಮಾತ್ರ ಯಾವುದರಿಂದಲೂ ಮರೆತುಹೋಗುತ್ತಿರಲಿಲ್ಲ. ನಿಮಗೂ ಮನೆಯಲ್ಲೋ ಕಚೇರಿಯಲ್ಲೋ ಹೀಗೆ ಆಗಿರುತ್ತದೆ, ಅದಕ್ಕೇ ಈ ಕಥೆ.

ಘಟಪ್ರಭಾ ಹೊಳೆಯ ಬದಿಯ ಆ ಊರಲ್ಲಿ ಮಲಕಾಜಪ್ಪ ಎಂಬ ರೈತನಿದ್ದ. ಅವನ ಬಳಿ ಒಂದು ಟ್ರ್ಯಾಕ್ಟರು, ಅದರ ಹಿಂದೆ ಕಟ್ಟುವ ಒಂದು ಟ್ರೇಲರು. ಈಗಿನವರು ಟ್ರೇಲರಿನ ತಳಕ್ಕೆ ತಗಡು ಬಡಿಸುತ್ತಾರೆ. ಇವನದು ಹಳೇ ಕಾಲದ್ದು, ಮತ್ತಿ ಮರದ ಹದಿನಾಲ್ಕು ಹಲಗೆ ಹಾಸಿದ್ದು. ಕಾಳಪ್ಪನೇ ಕೊಯ್ದು, ತೂತು ಕೊರೆದು, ಬೋಲ್ಟು ಬಿಗಿದು ಕೂರಿಸಿದ್ದ. ಮತ್ತಿ ಗಟ್ಟಿ ಮರ, ನಿಜ. ಆದರೆ ನೀರು ನಿಂತರೆ ಯಾವ ಮರವಾದರೂ ಕೊಳೆಯುತ್ತದೆ. ಬಡಿಗನ ಮನೆಯ ಬೆಕ್ಕಿಗೂ ಇದು ಗೊತ್ತು.

ಅದಕ್ಕೆ ಪ್ರತಿ ವರ್ಷ ಮಳೆಗಾಲ ಇನ್ನೇನು ಶುರುವಾಗಬೇಕು ಎನ್ನುವಾಗ ಕಾಳಪ್ಪ ಮಲಕಾಜಪ್ಪನ ಮನೆಯ ಕಟ್ಟೆಗೆ ಹೋಗಿ ಕೂರುತ್ತಿದ್ದ.

"ಸಾವಕಾರ್ರ, ಮಳಿ ಹಿಡಿಯೂಕಿಂತ ಮೊದಲ ಹಲಗಿ ಬಿಚ್ಚಸ್ರಿ. ನೆರಳಾಗ ನಾಕ ದಿನ ಒಣಗಿಸಿ, ಅಗಸಿ ಎಣ್ಣಿ ಕಾಸಿ ಹಚ್ಚಿ ಕೊಡ್ತೀನಿ. ಮ್ಯಾಲ ಅಷ್ಟ ಹಚ್ಚಿದ್ರ ಸಾಲೂದಿಲ್ಲ, ಕೆಳಗೂ ಹಚ್ಚಬೇಕು, ತುದಿಗೂ ಹಚ್ಚಬೇಕು. ಹಲಗಿ ನೀರ ಕುಡಿಯೂದು ತುದೀಲೆ. ಮತ್ತ ಮ್ಯಾಲ ಮುಚ್ಚೂ ತಾಡಪಾಲ ಬಿಗದ ಕಟ್ಟಬ್ಯಾಡ್ರಿ. ನಡುವ ಒಂದು ಬಿದರ ಇಟ್ಟು ಎತ್ತರ ಮಾಡ್ರಿ, ಒಳಗ ಗಾಳಿ ಆಡಲಿ. ಟ್ರೇಲರ ಮೂತಿ ಕೆಳಗೊಂದು ಕಲ್ಲ ಕೊಟ್ರ ನೀರು ತಾನ ಹರದ ಹೋಗತೈತಿ."

"ಆತು ಕಾಕಾ. ಈ ಸಲ ಬಿತ್ತಿಗಿ ಗದ್ದಲ ಐತಿ. ಬರೂ ವರ್ಷ ನೋಡೂಣು. ಚಾ ಕುಡಿ."

ಮಲಕಾಜಪ್ಪ ಕೆಟ್ಟವನಲ್ಲ. ಕರೆದು ಕೂರಿಸುವವನು, ಚಹಾ ಕೊಡದೆ ಕಳಿಸದವನು. ಹೇಳಿದ ಮಾತು ಮಾತ್ರ ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೋಗುತ್ತಿತ್ತು. ಮಳೆ ಬಂದೊಡನೆ ಟ್ರೇಲರಿನ ಮೇಲೆ ತಾಡಪಾಲು ಎಳೆದು, ನಾಲ್ಕೂ ಕಡೆ ಹಗ್ಗ ಬಿಗಿದು, ಕೈ ಕೊಡವಿಕೊಂಡು ಒಳಗೆ ಹೋಗುತ್ತಿದ್ದ. ಮುಚ್ಚಿದ್ದೇನೆ, ಇನ್ನೇನಾಗುತ್ತದೆ ಎಂದು ಅವನ ಎಣಿಕೆ. ನೀರು ಎಲ್ಲಿಂದಲೋ ಒಳಗೆ ಇಳಿಯುತ್ತಿತ್ತು, ಹೊರಗೆ ಬರಲು ದಾರಿ ಇರುತ್ತಿರಲಿಲ್ಲ. ನಡುವೆ ಬಿಸಿಲು ಬಿದ್ದರೆ ಹಲಗೆಗಳು ತಾಡಪಾಲಿನ ಕೆಳಗೆ ಹಬೆಗಿಟ್ಟ ಕಡುಬಿನಂತೆ ಬೇಯುತ್ತಿದ್ದವು.

ಹೀಗೆ ಹನ್ನೊಂದು ವರ್ಷ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಈ ವರ್ಷ ಕಾಳಪ್ಪ ಕಟ್ಟೆಗೆ ಹೋಗಲೇ ಇಲ್ಲ. ಹೋಗಬೇಕು ಎಂದು ಎರಡು ಸಲ ರುಮಾಲು ಸುತ್ತಿಕೊಂಡ, ಎರಡು ಸಲವೂ ಬಿಚ್ಚಿಟ್ಟ.

ಮಹಾನವಮಿಗೆ ನಾಲ್ಕು ದಿನ ಇರುವಾಗ ಮಲಕಾಜಪ್ಪನೇ ಟ್ರೇಲರು ತಂದು ಕಾಳಪ್ಪನ ಅಂಗಳದಲ್ಲಿ ನಿಲ್ಲಿಸಿದ. ಆಯುಧಪೂಜೆಗೆಂದು ಆಗಷ್ಟೇ ಪೈಪು ಹಿಡಿದು ತೊಳೆಸಿದ್ದ. ಸಂದುಸಂದಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಕಾಕಾ, ಹಸರ ಬಣ್ಣ ಹೊಡಿ. ನೋಡಿದವರ ಕಣ್ಣ ಕುಕ್ಕಬೇಕು."

ಕಾಳಪ್ಪ ಹಲಗೆಯ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಹೆಬ್ಬೆರಳಿನ ಉಗುರು ಊರಿದ, ಉಗುರು ಒಳಗೆ ಹೋಯಿತು. ಬೇರೆ ವರ್ಷ ಒಂದೋ ಎರಡೋ ಹಲಗೆ ಮೆತ್ತಗಾಗಿರುತ್ತಿದ್ದವು, ಅವನ್ನು ಬದಲಾಯಿಸಿ ಕಳಿಸುತ್ತಿದ್ದ. ಈ ಸಲದ ಜೋರು ಮಳೆಗೆ ಅರ್ಧಕ್ಕಿಂತ ಹೆಚ್ಚು ಹೋಗಿವೆ ಎಂದು ಅವನಿಗೆ ಬಗ್ಗಿ ನೋಡದೆಯೇ ತಿಳಿಯಿತು.

"ಸಾವಕಾರ್ರ, ಈ ಹಲಗಿ..." ಎಂದು ಬಾಯಿ ತೆರೆದ.

"ನಿನ್ನ ಹಲಗಿ ಪುರಾಣ ಹಬ್ಬ ಆದ ಮ್ಯಾಲ ಹೇಳವಂತಿ ಕಾಕಾ," ಎಂದು ಮಲಕಾಜಪ್ಪ ನಕ್ಕ.

ಆ ನಗೆ ಕಾಳಪ್ಪನಿಗೆ ನಾಟಿತು. ಹನ್ನೊಂದು ವರ್ಷದ ಮಾತು ಇವನಿಗೆ ಪುರಾಣವಾಗಿತ್ತು. ಇನ್ನೊಂದು ಮಾತು ಜೋರಾಗಿ ಹೇಳಿದ್ದರೆ ಮಲಕಾಜಪ್ಪ ನಿಂತು ಕೇಳುತ್ತಿದ್ದನೋ ಏನೋ. ಕಾಳಪ್ಪ ಹೇಳಲಿಲ್ಲ. "ಆತ್ರೀ," ಎಂದಷ್ಟೇ ಅಂದ.

ಮರದ ಹೊಟ್ಟಿಗೆ ಗೋಂದು ಕಲಸಿ, ಕೊಳೆತ ಜಾಗಕ್ಕೆಲ್ಲ ತುಂಬಿ, ಮೇಲೆ ಮಟ್ಟಸ ಮಾಡತೊಡಗಿದ. ಹೆಂಡತಿ ದೇವಕ್ಕ ಅಂಗಳ ಗುಡಿಸಲು ಬಂದವಳು ನಿಂತು ನೋಡಿದಳು. ಬಡಿಗನ ಜೊತೆ ನಲವತ್ತು ವರ್ಷ ಬಾಳಿದವಳಿಗೆ ಯಾವುದು ಕೆಲಸ, ಯಾವುದು ಕಳ್ಳಗೆಲಸ ಎಂದು ಗೊತ್ತಾಗುವುದಿಲ್ಲವೇ?

"ಹಸೀ ಹಲಗಿಗೆ ಬಣ್ಣ ಹಚ್ಚಾಕತ್ತೀಯಲ್ಲ," ಅಂದಳು.

"ಅವರಿಗೆ ಬಣ್ಣ ಬೇಕಾಗೇತಿ, ನಾ ಬಣ್ಣ ಹಚ್ಚಾಕತ್ತೀನಿ."

"ಹೇಳಿದೇನು ಅವಗ?"

"ಹನ್ನೊಂದು ವರ್ಷ ಹೇಳೀನಿ. ಹೇಳಿ ನನ್ನ ನಾಲಗಿ ಸವದೈತಿ, ನೀ ಸುಮ್ಮನಿರು."

ಅವಳು ಕಸಬರಿಗೆ ಎತ್ತಿಕೊಂಡು ಒಳಗೆ ಹೋದಳು. ಎರಡು ಕೈ ಹಸಿರು ಬಣ್ಣ ಬಿತ್ತು. ಟ್ರೇಲರು ಗಿಣಿಯ ಹಾಗೆ ಹೊಳೆಯಿತು.

ಹಬ್ಬದ ದಿನ ಊರೇ ಆ ಬಣ್ಣವನ್ನು ಹೊಗಳಿತು. ಮಲಕಾಜಪ್ಪ ಟ್ರ್ಯಾಕ್ಟರಿಗೆ ಚೆಂಡುಹೂವಿನ ಮಾಲೆ ಹಾಕಿ, ಕುಂಬಳಕಾಯಿ ಒಡೆದು, ಕಾಳಪ್ಪನಿಗೆ ಹೊಸ ಧೋತರ ಕೊಟ್ಟ. "ಈ ವರ್ಷ ನಿನ್ನ ಕೈಗೆ ಕಳೆ ಬಂದೈತಿ ನೋಡು ಕಾಕಾ," ಅಂದ. ಕಾಳಪ್ಪ ಜೀವಮಾನದಲ್ಲಿ ಎಷ್ಟೋ ಒಳ್ಳೆಯ ಕೆಲಸ ಮಾಡಿದ್ದ, ಬಾಗಿಲು, ತೊಟ್ಟಿಲು, ಕೂರಿಗೆ. ಯಾವುದಕ್ಕೂ ಧೋತರ ಬಂದಿರಲಿಲ್ಲ. ಮೇಲೆಲ್ಲ ಥಳಕು ಒಳಗೆಲ್ಲ ಹುಳುಕು ಎನ್ನುವ ಈ ಕೆಲಸಕ್ಕೆ ಬಂತು. ಅವತ್ತು ಎಲೆಯಲ್ಲಿ ಬಿದ್ದ ಹೋಳಿಗೆಯನ್ನು ಅವನು ಹಾಗೇ ಬಿಟ್ಟು ಎದ್ದ.

ಮನಸ್ಸು ಬಲು ಹುಷಾರು. ಅದು ಅವನಿಗೆ ಸಮಾಧಾನ ಹೇಳಿತು. ಆ ಟ್ರೇಲರಿನಲ್ಲಿ ಈಗ ಹೋಗುವುದೇನು, ಎರಡು ಹೊರೆ ಮೇವು. ಕಬ್ಬಿನ ಹೇರು ಶುರುವಾಗಲು ಇನ್ನೂ ತಿಂಗಳಿದೆ. ಅಷ್ಟರಲ್ಲಿ ಒಂದು ದಿನ ಹೇಳಿದರಾಯಿತು. ಮೇವು ಬಿದ್ದರೆ ಯಾರ ಗಂಟು ಹೋಗುತ್ತದೆ? ಹೀಗೆ ಅಂದುಕೊಂಡು ಐದು ದಿನ ಕಳೆದ. ಆ ಐದು ದಿನವೂ ಮಲಕಾಜಪ್ಪನ ಮನೆಯ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಓಡಾಡಿದ.

ಆರನೆಯ ದಿನ ಸೀಗಿ ಹುಣ್ಣಿಮೆ. ಬೆಳೆದು ನಿಂತ ಪೈರಿಗೆ ಎಡೆ ಒಯ್ದು, ಹೊಲದ ತುಂಬ ಎಡೆಯ ಅನ್ನವನ್ನು ಚರಗವಾಗಿ ಚೆಲ್ಲಿ, ಅಲ್ಲೇ ಕೂತು ಉಣ್ಣುವ ಹಬ್ಬ. ಮಲಕಾಜಪ್ಪನ ಮನೆಯವರು ಪ್ರತಿ ವರ್ಷ ಹೊಲಕ್ಕೆ ಎತ್ತಿನ ಬಂಡಿಯಲ್ಲಿ ಹೋಗುತ್ತಿದ್ದರು. ಬೆಳಿಗ್ಗೆ ಕಾಳಪ್ಪ ಉಳಿ ಮಸೆಯುತ್ತ ಕೂತಿದ್ದಾಗ ಓಣಿಯಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿತು, ಜೊತೆಗೆ ಹೆಂಗಸರ ನಗೆ. ದೇವಕ್ಕ ಹೊರಗೆ ಇಣುಕಿ ಬಂದಳು.

"ಮಲಕಾಜಪ್ಪ ಈ ಸಲ ಬಂಡಿ ಹೂಡಿಲ್ಲ. ಟ್ರೇಲರ ಹೊಸದರಂಗ ಆಗೇತಿ, ಓಣಿ ಹೆಣ್ಮಕ್ಕಳೆಲ್ಲ ಅದರಾಗ ಬರ್ರಿ ಅಂದಾನಂತ. ಇಪ್ಪತ್ತು ಮಂದಿ ಏರ್ಯಾರ," ಅಂದಳು.

ಕಾಳಪ್ಪನ ಕೈಯಲ್ಲಿ ಉಳಿ ನಿಂತಿತು. ಹೊಲದ ದಾರಿ ಅವನಿಗೆ ಗೊತ್ತು. ಕಾಲುವೆಯ ದಂಡೆ, ಮೊಣಕಾಲುದ್ದ ತಗ್ಗು. ಗಾಲಿ ಒಂದು ಸಲ ಎತ್ತಿ ಹಾಕಿದರೆ ಸಾಕು, ಹಲಗೆ ಮುರಿದು ಕಾಲು ಕೆಳಗೆ ಇಳಿಯುತ್ತದೆ. ಕೆಳಗೆ ತಿರುಗುತ್ತಿರುವುದು ಗಾಲಿ. ಬಣ್ಣ ಹಚ್ಚದೆ ಇದ್ದಿದ್ದರೆ ಆ ಹಲಗೆ ನೋಡಿ ಒಬ್ಬಳೂ ಏರುತ್ತಿರಲಿಲ್ಲ.

ಹೋಗಿ ನಿಲ್ಲಿಸಿದರೆ ಏನಾಗುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಓಣಿಯ ಮುಂದೆ ತನ್ನ ಕೈಕೆಲಸ ಸುಳ್ಳು ಎಂದು ತಾನೇ ಹೇಳಬೇಕು. ನಾಳೆಯಿಂದ ಯಾರೂ ಅವನಿಗೆ ಒಂದು ಕುಡುಗೋಲಿನ ಹಿಡಿ ಹಾಕಲೂ ಕೊಡದೆ ಇರಬಹುದು. ನಲವತ್ತು ವರ್ಷದ ಹೆಸರು. ಅವನು ಅಲ್ಲೇ ಒಂದು ಗಳಿಗೆ ಕೂತ, ಸುಳ್ಳೇಕೆ ಹೇಳಲಿ. ಆಮೇಲೆ ನೆಲಕ್ಕೆ ಕೈ ಊರಿ ಎದ್ದ.

ಟ್ರೇಲರು ಇನ್ನೇನು ಹೊರಡಬೇಕು. ಹೆಂಗಸರು ಬುತ್ತಿಯ ಬುಟ್ಟಿಗಳನ್ನು ತೊಡೆಯ ಮೇಲಿಟ್ಟುಕೊಂಡು ಸಾಲಾಗಿ ಕೂತಿದ್ದರು. ನಡುವೆ ಮಲಕಾಜಪ್ಪನ ಮುದುಕಿ ತಾಯಿ ಸಿದ್ಲಿಂಗವ್ವ. ಕಾಳಪ್ಪ ಟ್ರ್ಯಾಕ್ಟರಿನ ಎದುರಿಗೆ ಹೋಗಿ ನಿಂತ.

"ಎಲ್ಲಾರೂ ಕೆಳಗ ಇಳೀರಿ. ಹಲಗಿ ಕೊಳತಾವ."

ಅವರೆಲ್ಲ ನಕ್ಕರು. "ಪುರಾಣ ಶುರು ಆತು," ಎಂದು ಮಲಕಾಜಪ್ಪ ಅಂದ. "ಏರಿ ಕುಂದರು ಬಾ ಕಾಳಪ್ಪ, ನೀನೂ ಹೊಲದಾಗ ಉಂಡ ಬರವಂತಿ," ಎಂದು ಸಿದ್ಲಿಂಗವ್ವ ಕರೆದಳು.

ಕಾಳಪ್ಪ ಟ್ರೇಲರಿನ ಹಿಂದಕ್ಕೆ ಹೋದ. ಕೈಯಲ್ಲಿದ್ದ ಉಳಿಯನ್ನು ಥಳಥಳಿಸುವ ಹಸಿರು ಹಲಗೆಯ ಮೇಲಿಟ್ಟು ಅಂಗೈಯಿಂದ ಒತ್ತಿದ. ಸುತ್ತಿಗೆ ಬೇಕಾಗಲಿಲ್ಲ. ಉಳಿ ಹಿಡಿಯವರೆಗೂ ಇಳಿಯಿತು. ಎಳೆದಾಗ ಅದರ ಹಿಂದೆ ಕಂದು ನೀರು ಬಂತು.

ನಗೆ ನಿಂತಿತು. ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ಇಳಿಯತೊಡಗಿದರು. ಮಲಕಾಜಪ್ಪ ಟ್ರ್ಯಾಕ್ಟರು ಬಂದ್ ಮಾಡಿ ಹಿಂದೆ ಬಂದ. ಆ ತೂತನ್ನು ನೋಡಿದ, ಕಾಳಪ್ಪನ ಮುಖ ನೋಡಿದ.

"ಈ ಬಣ್ಣ ಹಚ್ಚಿದವ ನೀನ ಅಲ್ಲೇನು?"

"ನಾನ."

"ಆವತ್ತ ಗೊತ್ತಿತ್ತೇನು ನಿನಗ?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

ಕಾಳಪ್ಪನಿಗೆ ಹೇಳಿಕೊಳ್ಳಲು ಬೇಕಾದಷ್ಟಿತ್ತು. ಹನ್ನೊಂದು ವರ್ಷದ ಲೆಕ್ಕವೇ ಇತ್ತು. ಬಾಯಿಂದ ಬಂದದ್ದು ಒಂದೇ ಮಾತು.

"ಸಾಕಾಗಿತ್ರಿ."

ಮಲಕಾಜಪ್ಪ ತಲೆ ತಗ್ಗಿಸಿದ. ಅವನಿಗೂ ತನ್ನ ನಗೆ ನೆನಪಾಗಿರಬೇಕು. ಸಿದ್ಲಿಂಗವ್ವ ಕೊನೆಗೆ ಇಳಿದಳು. ಸೀರೆಗೆ ಹತ್ತಿದ ಧೂಳು ಕೊಡವಿಕೊಂಡು ಕಾಳಪ್ಪನ ಹತ್ತಿರ ಬಂದಳು. ಬೈಯುವ ದನಿಯಲ್ಲ ಅವಳದು, ಸಂತೈಸುವ ದನಿಯೂ ಅಲ್ಲ.

"ನೀ ಸಿಟ್ಟಾಗಿದ್ದು ನನ್ನ ಮಗನ ಮ್ಯಾಲ, ಕಾಳಪ್ಪ. ಅದು ಖರೇನ ಐತಿ, ಅವ ಮಾತ ಕೇಳೂ ಮಗ ಅಲ್ಲ. ಆದ್ರ ಅದರಾಗ ಕುಂತಾವ್ರು ನಾವು. ನಾವು ನಿನ್ನ ಮಾತ ಯಾವಾಗ ಕೇಳಲಿಲ್ಲ ಹೇಳು? ನಮಗ ಇವತ್ತಿನ ತನಕ ನೀ ಒಂದ ಸಲಾನೂ ಹೇಳಿದ್ದಿಲ್ಲ."

ಹೆಂಗಸರು ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು ಹೊಲದ ದಾರಿ ಹಿಡಿದರು. ಮುದುಕಿಯೂ ನಡೆದೇ ಹೋದಳು.

ಮಲಕಾಜಪ್ಪ ಹೋಗಲಿಲ್ಲ. ಪಾನಾ ತಂದು ಒಂದು ಬದಿಯಿಂದ ಬೋಲ್ಟು ಬಿಚ್ಚಿದ, ಕಾಳಪ್ಪ ಇನ್ನೊಂದು ಬದಿಯಿಂದ. ಹದಿನಾಲ್ಕರಲ್ಲಿ ಒಂಬತ್ತು ಹಲಗೆ ಹೋಗಿದ್ದವು. ಗಾಲಿಯ ನೇರಕ್ಕಿದ್ದ ಹಲಗೆಯನ್ನು ಇಬ್ಬರೂ ಎರಡು ತುದಿ ಹಿಡಿದು ಎತ್ತಿದರು. ಅರ್ಧಕ್ಕೆ ಎತ್ತುವಷ್ಟರಲ್ಲಿ ಅದು ತನ್ನದೇ ಭಾರಕ್ಕೆ ನಡುವೆ ಮುರಿದು ಬಿತ್ತು. ಸಿದ್ಲಿಂಗವ್ವ ಕೂತಿದ್ದು ಅದರ ಮೇಲೆ. ಇಬ್ಬರಿಗೂ ಅದು ಗೊತ್ತಿತ್ತು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಾಳಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಮಲಕಾಜಪ್ಪ ಮುರಿದ ತುಂಡನ್ನು ಬದಿಗೆ ಸರಿಸಿ ಕೇಳಿದ. "ಮೊದಲ ಏನ ಮಾಡಬೇಕು ಕಾಕಾ?"

ಕಾಳಪ್ಪ ಹೇಳಿದ. ನೆರಳಲ್ಲಿ ಒಣಗಿಸುವುದು, ಎಣ್ಣೆ ಕಾಸುವುದು, ತುದಿಗೆ ಹಚ್ಚುವುದು, ಗಾಳಿ ಬಿಡುವುದು, ಎಲ್ಲ ಮೊದಲಿನಿಂದ ಹೇಳಿದ. ಮುಂದಿನ ಮಳೆಗಾಲಕ್ಕೆ ಮಲಕಾಜಪ್ಪ ಅದನ್ನೆಲ್ಲ ಮಾಡಿದನೋ ಇಲ್ಲವೋ, ನನಗೆ ಗೊತ್ತಿಲ್ಲ. ಮನುಷ್ಯರ ಮಾತು, ಹೇಳಲಾಗದು. ಆದರೆ ಆ ವರ್ಷವೂ ಅದರ ಮುಂದಿನ ವರ್ಷವೂ ಮಳೆಗೆ ಮುಂಚೆ ಕಾಳಪ್ಪ ಮೊಣಕಾಲು ಹಿಡಿದುಕೊಂಡು ಅವನ ಕಟ್ಟೆಗೆ ಹೋಗಿ ಕೂತ. ಮಲಕಾಜಪ್ಪನಿಗೆ ಹೇಳಿ ಮುಗಿಸಿದ ಮೇಲೆ ಎದ್ದು ಒಳಗೆ ಹೋಗಿ ಅದನ್ನೇ ಸಿದ್ಲಿಂಗವ್ವನಿಗೂ ಹೇಳಿ ಬಂದ.

ನೀತಿ: ಮಾತು ಕೇಳದವನ ಮೇಲಿನ ಬೇಸರವನ್ನು ನಮ್ಮ ಕೆಲಸದ ಮೇಲೆ ತೀರಿಸಿಕೊಳ್ಳಬಾರದು. ತಿಳಿದವನು ದಣಿದು ಸುಮ್ಮನಾದರೆ ಪೆಟ್ಟು ಬೀಳುವುದು ಏನೂ ತಿಳಿಯದೆ ನಂಬಿ ಕೂತವರಿಗೆ.