ಬಳೆಗಾರನ ಸೊಂಟ

ಶಿಷ್ಯ ಕೇಳಿದ: "ಗುರುಗಳೇ, ನನ್ನ ತಾಯಿಯ ಸೊಂಟಕ್ಕೆ ಶಸ್ತ್ರಚಿಕಿತ್ಸೆಯಾಗಿ ವರ್ಷ ತುಂಬಿತು. ಬೆನ್ನುಮೂಳೆಯ ಒಂದು ಕೀಲನ್ನು ಅಲುಗಾಡದಂತೆ ಬೆಸೆದು, ಅದರ ಮೇಲಿನದನ್ನು ಬಾಗುವಂತೆ ಉಳಿಸಿದ್ದಾರೆ. ನೋವು ಹೋಗಿದೆ. ಆದರೂ ಅವರು ಕೋಲಿನಂತೆ ನಿಲ್ಲುತ್ತಾರೆಯೇ ಹೊರತು ಬಾಗುವುದಿಲ್ಲ. ನಾನು ಸೇವೆಯಲ್ಲಿ ಕೊರತೆ ಮಾಡಿಲ್ಲ. ತಪ್ಪಿದ್ದು ಎಲ್ಲಿ?"

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಮೂವತ್ತು ವರ್ಷ ಬಳೆಯ ಮಲಾರ ಹೊತ್ತು ಊರೂರು ತಿರುಗಿ ಅವನ ಸೊಂಟ ಸವೆದುಹೋಯಿತು. ಬಳೆ ತೊಡಿಸುವುದೇನು ಸುಮ್ಮನೆ ಮಾತೇ? ನೆಲದ ಮೇಲೆ ಕೂತು, ಮುಂದಕ್ಕೆ ಬಾಗಿ, ಎದುರಿಗಿದ್ದವಳ ಕೈಯನ್ನು ಹದವಾಗಿ ಒತ್ತಬೇಕು. ಬಳೆ ಒಡೆಯಬಾರದು, ಕೈಯೂ ನೋಯಬಾರದು. ಅವನಿಗೆ ಗೊತ್ತಿದ್ದ ವಿದ್ಯೆ ಅದೊಂದೇ.

ವೈದ್ಯರು ಪರೀಕ್ಷಿಸಿ ಹೇಳಿದರು: "ಕೆಳಗಿನ ಕೀಲು ಪೂರ್ತಿ ಹಾಳಾಗಿದೆ, ಅದನ್ನ ಬೆಸೀತೀನಿ. ಮೇಲಿನದಕ್ಕೆ ಕೃತಕ ಬಿಲ್ಲೆ ಹಾಕಿ ಬಾಗೋ ಹಾಗೆ ಉಳಿಸ್ತೀನಿ. ಎರಡನ್ನೂ ಬೆಸೆದ್ರೆ ನೀವು ನೆಲದ ಮೇಲೆ ಕೂತು ಬಳೆ ತೊಡಿಸೋದು ಕಷ್ಟ."

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಮೂರು ತಿಂಗಳು ಜೋಪಾನವಾಗಿರಲಿ, ಆಮೇಲೆ ದಿನವೂ ಸ್ವಲ್ಪ ಸ್ವಲ್ಪ ಬಾಗಲಿ ಎಂದರು. ಹೆಂಡತಿಯ ಮನಸ್ಸಿನಲ್ಲಿ ನಿಂತದ್ದು ಜೋಪಾನ ಎಂಬ ಮಾತು ಮಾತ್ರ. ನೋವಿಗೆ ಅವನು ದಿಂಬು ಕಚ್ಚಿ ಅತ್ತದ್ದನ್ನು ಎರಡು ವರ್ಷ ಕಂಡವಳು ಅವಳು. ನೆಲಕ್ಕೆ ಬಿದ್ದದ್ದನ್ನೆಲ್ಲ ತಾನೇ ಎತ್ತಿಕೊಟ್ಟಳು, ಕಾಲು ತೊಳೆದಳು, ಊಟದ ತಟ್ಟೆಯನ್ನು ಎದೆಮಟ್ಟಕ್ಕೆ ತಂದು ಹಿಡಿದಳು. ಅವನು ಒಂದಿಷ್ಟು ಬಗ್ಗಿದರೆ ಸಾಕು, "ಅಯ್ಯೋ, ಬೇಡ ಕಣ್ರೀ!" ಎಂದು ಓಡಿಬರುತ್ತಿದ್ದಳು. ಅವಳ ಹೆದರಿಕೆಯನ್ನು ನೋಡಲಾರದೆ ಅವನೂ ಸುಮ್ಮನಾಗುತ್ತಿದ್ದ. ಇಬ್ಬರೂ ಒಬ್ಬರಿಗಿಂತ ಒಬ್ಬರು ಒಳ್ಳೆಯವರು, ಏನು ಮಾಡುವುದು! ವರ್ಷ ಕಳೆದರೂ ಮಲಾರ ಮೂಲೆಯಲ್ಲೇ ಇತ್ತು.

ಮತ್ತೆ ವೈದ್ಯರ ಬಳಿಗೆ ಹೋದರು. ಎಕ್ಸ್‌ರೇ ತೆಗೆಸಿದಾಗ ಬೆಸೆದ ಕೀಲು ಗಟ್ಟಿಯಾಗಿ ಕೂಡಿತ್ತು, ಬಿಲ್ಲೆಯೂ ನೆಟ್ಟಗಿತ್ತು. ಮತ್ತೇಕೆ ಬಾಗುತ್ತಿಲ್ಲ ಎಂದು ಯೋಚಿಸುತ್ತಲೇ ವೈದ್ಯರು ಅವರನ್ನು ಬೀಳ್ಕೊಡಲು ಬಾಗಿಲವರೆಗೆ ಬಂದರು. ಅಲ್ಲಿ ಹೆಂಡತಿ ಕುಕ್ಕರುಗಾಲಲ್ಲಿ ಕೂತು ಗಂಡನ ಕಾಲಿಗೆ ಚಪ್ಪಲಿ ಹಾಕುತ್ತಿದ್ದಳು.

"ಬಿಡಿಯಮ್ಮಾ, ಅವರೇ ಹಾಕ್ಕೊಳ್ಳಲಿ."

"ಮುರಿದುಹೋದ್ರೆ ಡಾಕ್ಟ್ರೇ?"

"ಬಾಗಲಿ ಅಂತಲೇ ಅಲ್ವೇನಮ್ಮಾ ಉಳಿಸಿದ್ದು?"

ಅವಳು ಎದ್ದು ಸರಿದು ನಿಂತಳು. ಗಂಡ ಮೊಣಕಾಲಿನ ತನಕ ಬಾಗಿ ಅಲ್ಲೇ ನಿಂತ. ಅವಳ ಕೈಗಳು ತಾವಾಗಿಯೇ ಮುಂದೆ ಬಂದವು. ಒಂದು ಕೈಯಿಂದ ಇನ್ನೊಂದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ವರ್ಷವಿಡೀ ಚಾಕರಿ ಮಾಡಿದ್ದು ಅವಳಿಗೆ ಕಷ್ಟವೆನಿಸಿರಲಿಲ್ಲ. ಆ ಒಂದು ಗಳಿಗೆ ಸುಮ್ಮನೆ ನಿಲ್ಲುವುದು ಕಷ್ಟವಾಯಿತು. ಕೊನೆಗೆ ಅವನ ಬೆರಳು ಚಪ್ಪಲಿಯನ್ನು ಮುಟ್ಟಿತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅಂದಿನಿಂದ ಅವನು ದಿನವೂ ಬಾಗಿದ. ಅವಳು ದಿನವೂ ಹೆದರಿದಳು, ಆದರೆ ತಡೆಯಲಿಲ್ಲ. ಆರು ತಿಂಗಳಿಗೆ ಅವನು ಚಾಪೆಯ ಮೇಲೆ ಕೂತು ಮೊದಲು ಅವಳ ಕೈಗೇ ಬಳೆ ತೊಡಿಸಿದ. ಹಿಂದಿನಷ್ಟು ಭಾರ ಹೊರಲಾಗಲಿಲ್ಲ, ಕೆಲವು ದಿನ ಸೊಂಟ ಹಿಡಿದುಕೊಳ್ಳುತ್ತಲೂ ಇತ್ತು. ಆದರೂ ಅವನು ಮತ್ತೆ ಬಳೆಗಾರನಾದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಹೇಳಿದ: "ಪಾಪ, ಆ ಹೆಂಗಸಿಗೆ ತಿಳಿವಳಿಕೆ ಸಾಲದು ಗುರುಗಳೇ. ಆದರೆ ನನ್ನ ತಾಯಿಗೆ ಆ ತೊಂದರೆಯಿಲ್ಲ. ಮುಡಿಯಿಂದ ಜಾರಿದ ಹೂವನ್ನೂ ಅವರು ಬಗ್ಗಿ ತೆಗೆದುಕೊಳ್ಳದಂತೆ ನೋಡಿಕೊಂಡಿದ್ದೇನೆ."

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ಒಂದು ಕೀಲನ್ನು ವೈದ್ಯರು ಬೆಸೆದರು ಮಗು, ಇನ್ನೊಂದನ್ನು ನಿನ್ನ ಪ್ರೀತಿ ಬೆಸೆದಿದೆ."